ಮನೆ ಆಟೊಮೇಷನ್‌ಗೆ ವಿದ್ಯುತ್ ಮತ್ತು ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮನೆ ಕಟ್ಟುತ್ತಿರುವವರು ಹಾಗೂ ಹಳೆಯ ಮನೆಗೆ ಸ್ಮಾರ್ಟ್ ಸ್ವಿಚ್ ಹಾಕಿಸಲು ಹೊರಟವರು ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಮೊಬೈಲ್ ಆ್ಯಪ್‌ಗಳ ಬಗ್ಗೆ ಇಲ್ಲಿ ಹೆಚ್ಚೇನೂ ಇಲ್ಲ. ಆ್ಯಪ್ ಬೇಡವೆನಿಸಿದರೆ ನಾಳೆ ಬೇರೊಂದನ್ನು ಹಾಕಿಕೊಳ್ಳಬಹುದು, ಆದರೆ ಗೋಡೆಯೊಳಗಿನ ಪೈಪನ್ನು ಹಾಗೆ ಬದಲಿಸಲಾಗುವುದಿಲ್ಲ.

## ಕಟ್ಟುವಾಗಲೇ ತೀರ್ಮಾನಿಸಬೇಕಾದದ್ದು

ಈಗ ಎಲ್ಲವೂ ವೈ-ಫೈ ಅಲ್ಲವೇ ಸಾರ್? ಮತ್ತೆ ಆಟೊಮೇಷನ್‌ಗೆ ಅಂತ ವೈರಿಂಗ್ ಬಗ್ಗೆ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ವೈ-ಫೈ ಮೂಲಕ ಹೋಗುವುದು ಆದೇಶ ಮಾತ್ರ. ಆ ಆದೇಶವನ್ನು ಕೇಳಿಸಿಕೊಳ್ಳುವ ಮಾಡ್ಯೂಲಿಗೆ (ಸ್ವಿಚ್ಚಿನ ಹಿಂದೆ ಕೂರುವ ಪುಟ್ಟ ಎಲೆಕ್ಟ್ರಾನಿಕ್ ಸಾಧನಕ್ಕೆ) ದಿನದ ಇಪ್ಪತ್ನಾಲ್ಕು ಗಂಟೆಯೂ ವಿದ್ಯುತ್ ಬೇಕು. ಸಾಮಾನ್ಯ ಸ್ವಿಚ್ಚಿಗೂ ಸ್ಮಾರ್ಟ್ ಸ್ವಿಚ್ಚಿಗೂ ಇರುವ ಮುಖ್ಯ ವ್ಯತ್ಯಾಸವೇ ಇದು: ಮೊದಲನೆಯದು ಆಫ್ ಆಗಿದ್ದಾಗ ಸತ್ತ ಹಾಗೆ ಇರುತ್ತದೆ, ಎರಡನೆಯದು ಆಫ್ ಆಗಿದ್ದಾಗಲೂ ಎಚ್ಚರವಾಗಿರಬೇಕು. ‘ನೆಟ್‌ವರ್ಕ್ ತೊಂದರೆ’ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಬಹಳಷ್ಟು ಕೊನೆಗೆ ಸಡಿಲವಾದ ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ತಂತಿ), ಬಿಸಿಯಾದ ಜಾಯಿಂಟ್ ಅಥವಾ ರೂಟರಿಗೆ ಬ್ಯಾಕಪ್ ಇಲ್ಲದಿರುವುದಕ್ಕೆ ಬಂದು ನಿಲ್ಲುತ್ತವೆ.

ಮೋಲ್ಡ್ ಹಾಕೋಕೆ ಇನ್ನು ಹತ್ತು ದಿನ ಇದೆ. ಈಗಲೇ ಏನೇನು ಹೇಳಿಡಬೇಕು?

ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಬೀಳುವುದಕ್ಕೆ ಮುಂಚಿನ ಒಂದೆರಡು ದಿನ ನಿಮ್ಮ ಕೈಯಲ್ಲಿರುವ ಅತ್ಯಂತ ಅಗ್ಗದ ಅವಕಾಶ. ಆಗ ಹಾಕಿಸುವ ಹೆಚ್ಚುವರಿ ಪೈಪಿಗೆ ಕೆಲವು ನೂರು ರೂಪಾಯಿ ಆಗಬಹುದು. ಅದೇ ಪೈಪನ್ನು ಬಣ್ಣ ಬಳಿದ ಮೇಲೆ ಹಾಕಿಸುವುದಕ್ಕೆ ಗೋಡೆ ಕೊರೆಯಬೇಕು, ಗಾರೆ ಮೆತ್ತಬೇಕು, ಮತ್ತೆ ಬಣ್ಣ ಬಳಿಯಬೇಕು. ಆದ್ದರಿಂದ ಈಗ ತಂತಿ ಎಳೆಯದಿದ್ದರೂ ಖಾಲಿ ಪೈಪುಗಳನ್ನಾದರೂ ಬಿಡಿಸಿ. ಮೀಟರಿನಿಂದ ಡಿಬಿಗೆ (ಮನೆಯೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆಗೆ), ಡಿಬಿಯಿಂದ ಯುಪಿಎಸ್ ಇಡುವ ಜಾಗಕ್ಕೆ ಹೋಗಿ ಬರಲು, ರೂಟರ್ ಇಡುವ ಜಾಗದಿಂದ ಪ್ರತಿ ಮಹಡಿಯ ಸೀಲಿಂಗಿನ ನಡುವಿಗೆ, ಗೇಟಿಗೆ, ಮನೆಯ ನಾಲ್ಕು ಮೂಲೆಯ ಕ್ಯಾಮೆರಾ ಬಿಂದುಗಳಿಗೆ, ಸಂಪಿಗೆ, ಮೇಲಿನ ನೀರಿನ ಟ್ಯಾಂಕಿಗೆ, ತಾರಸಿಯಲ್ಲಿ ಸೋಲಾರ್ ಬರುವ ಕಡೆಗೆ ಪೈಪ್ ಇರಲಿ. ಕಿಟಕಿಗೆ ಮೋಟಾರ್ ಪರದೆ ಬೇಕೆನಿಸಿದರೆ ಅದರ ಮೇಲ್ತುದಿಗೂ ಒಂದು ಇರಲಿ.

ಪೈಪಿನ ಗಾತ್ರದಲ್ಲಿ ಜಿಪುಣತನ ಬೇಡ. ಎಲ್ಲ ಕಡೆ 20 ಮಿ.ಮೀ. ಹಾಕಿ ಬಿಡುವ ಅಭ್ಯಾಸವಿದೆ; ಹೆಚ್ಚು ತಂತಿ ಸೇರುವ ದಾರಿಗಳಿಗೆ 25 ಮಿ.ಮೀ. ಬೇಕು. ಪೈಪಿನ ಒಳಜಾಗದ ಶೇಕಡಾ 40ಕ್ಕಿಂತ ಹೆಚ್ಚು ತುಂಬಿಸಿದರೆ ತಂತಿ ಎಳೆಯುವಾಗ ಮೇಲ್ಪದರ ಕಿತ್ತುಹೋಗುತ್ತದೆ, ಮುಂದೆ ಬದಲಿಸಲೂ ಆಗುವುದಿಲ್ಲ. ಸ್ವಿಚ್ಚಿನ ಲೋಹದ ಬಾಕ್ಸ್ ಆಳವಾದದ್ದೇ ಇರಲಿ, ಏಕೆಂದರೆ ಸ್ವಿಚ್ಚಿನ ಹಿಂದೆ ಮಾಡ್ಯೂಲೂ ಕೂರಬೇಕು, ತಂತಿ ಮಡಚಲು ಜಾಗವೂ ಉಳಿಯಬೇಕು, ಒಳಗಿನ ಬಿಸಿ ಹರಡಲು ಸ್ವಲ್ಪ ಗಾಳಿಯೂ ಇರಬೇಕು.

ಕೊನೆಯದಾಗಿ, ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಅಳತೆ ಟೇಪನ್ನು ಪಕ್ಕದಲ್ಲಿಟ್ಟು ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಮೂರು ವರ್ಷದ ನಂತರ ಪರದೆಯ ಕಂಬಿಗೆ ಡ್ರಿಲ್ ಹಾಕುವ ದಿನ ಆ ಫೋಟೊ ಬೇಕಾಗುತ್ತದೆ.

ಸ್ವಿಚ್ ಬಾಕ್ಸಿಗೆಲ್ಲಾ ನ್ಯೂಟ್ರಲ್ ತನ್ನಿ ಅಂತ ನೀವು ಹೇಳ್ತೀರಿ, ನಮ್ಮ ಎಲೆಕ್ಟ್ರಿಷಿಯನ್ ಬೇಡವೇ ಬೇಡ ಅಂತಾರೆ. ಯಾರ ಮಾತು ಕೇಳಲಿ?

ಅವರು ಹೇಳುವುದು ಸಾಮಾನ್ಯ ಸ್ವಿಚ್ಚಿನ ಮಟ್ಟಿಗೆ ಸರಿ. ಸ್ವಿಚ್ ಮುರಿಯುವುದು ಫೇಸನ್ನು (ಕರೆಂಟ್ ತರುವ ತಂತಿಯನ್ನು), ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗುತ್ತದೆ. ನಮ್ಮಲ್ಲಿ ದೊಡ್ಡ ಬೋರ್ಡುಗಳಲ್ಲಿ ಪ್ಲಗ್ ಪಾಯಿಂಟ್ ಇರುವ ಕಾರಣ ನ್ಯೂಟ್ರಲ್ ಹೇಗೂ ಬಂದಿರುತ್ತದೆ. ತೊಂದರೆ ಇರುವುದು ಚಿಕ್ಕ ಬೋರ್ಡುಗಳಲ್ಲಿ: ಮೆಟ್ಟಿಲಿನ ಟೂ-ವೇ, ಹಾಸಿಗೆಯ ತಲೆಭಾಗದ ಸ್ವಿಚ್, ಬಚ್ಚಲಿನ ಹೊರಗಿನ ಸ್ವಿಚ್.

ಶಿವಮೊಗ್ಗದ ಒಂದು ಮನೆಯಲ್ಲಿ ಮೆಟ್ಟಿಲಿನ ಬೋರ್ಡನ್ನು ಬಿಚ್ಚಿದಾಗ ಒಳಗಿದ್ದದ್ದು ಮೂರು ಕೆಂಪು ತಂತಿ, ಅಷ್ಟೇ. ನ್ಯೂಟ್ರಲ್‌ನ ಕಪ್ಪು ತಂತಿ ಇರಲಿಲ್ಲ, ಅರ್ತಿನ ಹಸಿರೂ ಇರಲಿಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲ್ ತರಿಸಿದೆವು. ಅಂಥ ಮಾಡ್ಯೂಲ್ ತನಗೆ ಬೇಕಾದ ಸಣ್ಣ ಕರೆಂಟನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತದೆ. ಹಳೆಯ 60 ವ್ಯಾಟ್ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. 5 ವ್ಯಾಟ್ ಎಲ್‌ಇಡಿಗೆ ಮಾತ್ರ ಅದು ಸಾಕಾಗಿ, ಆಫ್ ಮಾಡಿದ ಮೇಲೂ ದೀಪ ಮಿಣುಕುತ್ತಿತ್ತು. ಆ ಮನೆಯ ಅಜ್ಜಿ ರಾತ್ರಿ ಎರಡು ಬಾರಿ ಎದ್ದು ಬಂದು ಸ್ವಿಚ್ ಒತ್ತಿ ನೋಡುತ್ತಿದ್ದರಂತೆ. ದೀಪಕ್ಕೆ ಸಮಾಂತರವಾಗಿ ಒಂದು ಕೆಪಾಸಿಟರ್ ತುಂಡು ಸೇರಿಸಿ ಅದನ್ನು ನಿಲ್ಲಿಸಿದ್ದಾಯಿತು, ಆದರೆ ಅದು ತೇಪೆ. ಕಟ್ಟುವಾಗಲೇ ಪ್ರತಿ ಬಾಕ್ಸಿಗೂ ಒಂದು ಕಪ್ಪು, ಒಂದು ಹಸಿರು ತಂತಿ ಬಂದಿದ್ದರೆ ಇದಾವುದೂ ಬೇಕಿರಲಿಲ್ಲ.

ಯಾವ ಲೈನಿಗೆ ಎಷ್ಟು ದಪ್ಪದ ವೈರ್?

ದೀಪ ಮತ್ತು ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, 16 ಆಂಪಿಯರ್ ಪ್ಲಗ್ಗಿಗೆ 2.5, ಎಸಿ ಹಾಗೂ ಗೀಸರಿಗೆ ಪ್ರತ್ಯೇಕವಾಗಿ 4. ತಂತಿಯ ಮೇಲೆ ಐಎಸ್ 694 ಎಂಬ ಮುದ್ರೆ ನೋಡಿ ತೆಗೆದುಕೊಳ್ಳಿ. ಮೀಟರಿನಿಂದ ಡಿಬಿಗೆ ಬರುವ ಮುಖ್ಯ ತಂತಿಯ ದಪ್ಪ ಮಂಜೂರಾದ ಲೋಡ್ ಮತ್ತು ದೂರವನ್ನು ಅವಲಂಬಿಸಿದೆ. ಅದನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಲೆಕ್ಕ ಹಾಕಿ ಹೇಳಬೇಕು.

## ಕರೆಂಟ್ ಹೋದಾಗ, ಬಂದಾಗ

ಯುಪಿಎಸ್ ಇದ್ದರೂ ಕರೆಂಟ್ ಹೋದ ತಕ್ಷಣ ರೂಟರ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಯಾಕೆ?

ನಮ್ಮಲ್ಲಿ ಯುಪಿಎಸ್ ಎಂದು ಕರೆಯುವುದು ಬಹುಪಾಲು ಹೋಮ್ ಇನ್ವರ್ಟರನ್ನು. ಅದು ಲೈನಿನಿಂದ ಬ್ಯಾಟರಿಗೆ ಬದಲಾಗಲು ಕೆಲವು ಹತ್ತು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ದೀಪ, ಫ್ಯಾನುಗಳಿಗೆ ಅದು ಗೊತ್ತೇ ಆಗುವುದಿಲ್ಲ, ಅಗ್ಗದ ಅಡಾಪ್ಟರ್ ಇರುವ ರೂಟರಿಗೆ ಗೊತ್ತಾಗುತ್ತದೆ. ಅದು ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಮನೆಯ ಎಲ್ಲ ವೈ-ಫೈ ಸ್ವಿಚ್ಚುಗಳೂ ಕಿವುಡಾಗಿರುತ್ತವೆ.

ಮೊದಲು ಇನ್ವರ್ಟರಿನ ಹಿಂಬದಿಯಲ್ಲೋ ಮುಂದೆಯೋ ಇರುವ ‘ಯುಪಿಎಸ್ ಮೋಡ್’ ಸ್ವಿಚ್ಚನ್ನು ಒತ್ತಿ ನೋಡಿ; ಆ ಮೋಡ್‌ನಲ್ಲಿ ಬದಲಾವಣೆ ವೇಗವಾಗುತ್ತದೆ, ಆದರೆ ವೋಲ್ಟೇಜ್ ಏರುಪೇರಾದಾಗ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ಅದಕ್ಕಿಂತ ನನಗೆ ಹಿಡಿಸಿದ ಉಪಾಯವೆಂದರೆ ರೂಟರ್, ಫೈಬರ್ ಪೆಟ್ಟಿಗೆ ಮತ್ತು ಹಬ್ಬಿಗೆಂದೇ (ಸ್ಮಾರ್ಟ್ ಸಾಧನಗಳನ್ನು ಒಟ್ಟಾಗಿ ನಡೆಸುವ ಪೆಟ್ಟಿಗೆಯೇ ಹಬ್) 12 ವೋಲ್ಟ್ ಡಿಸಿ ಕೊಡುವ ಪುಟ್ಟ ಬ್ಯಾಟರಿ ಯುಪಿಎಸ್ ಇಡುವುದು. ಅದರಲ್ಲಿ ಬ್ಯಾಟರಿ ಸದಾ ಸಾಲಿನಲ್ಲೇ ಇರುವುದರಿಂದ ಈ ಕಡಿತ ರೂಟರನ್ನು ಮುಟ್ಟುವುದೇ ಇಲ್ಲ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಹೊಂದಿಸಿ ನೋಡಿ.

ಮನೆಯಲ್ಲಿ 150 ಎಎಚ್ ಬ್ಯಾಟರಿ ಇದೆ. ಕ್ಯಾಮೆರಾ, ರೂಟರ್ ಎಲ್ಲಾ ಎಷ್ಟು ಹೊತ್ತು ನಡೆಯುತ್ತವೆ?

12 ವೋಲ್ಟ್ ಮತ್ತು 150 ಎಎಚ್ (ಆಂಪಿಯರ್-ಅವರ್) ಗುಣಿಸಿದರೆ 1,800 ವ್ಯಾಟ್-ಅವರ್. ಕಾಗದದ ಮೇಲಿನ ಈ ಲೆಕ್ಕವನ್ನು ನಂಬಬೇಡಿ. ಬ್ಯಾಟರಿಯನ್ನು ಪೂರ್ತಿ ಬಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ, ಇನ್ವರ್ಟರಿನಲ್ಲಿ ಒಂದಷ್ಟು ಸೋರಿಹೋಗುತ್ತದೆ, ವರ್ಷಗಳು ಕಳೆದಂತೆ ಸಾಮರ್ಥ್ಯ ಇಳಿಯುತ್ತದೆ. ನಾನು ಯಾವಾಗಲೂ ಅರ್ಧ, ಅಂದರೆ 900 ಎಂದೇ ಹಿಡಿಯುತ್ತೇನೆ.

ಇನ್ನು ಖರ್ಚಿನ ಕಡೆ: ರೂಟರಿಗೆ 12 ವ್ಯಾಟ್, ಹಬ್ಬಿಗೆ 5, ನಾಲ್ಕು ಕ್ಯಾಮೆರಾಗಳಿಗೆ ಸುಮಾರು 28, ರೆಕಾರ್ಡರಿಗೆ 15, ಒಟ್ಟು 60 ವ್ಯಾಟ್. ಇವಷ್ಟೇ ಇದ್ದರೆ 15 ಗಂಟೆ ಬರುತ್ತದೆ. ಅದರ ಜೊತೆಗೆ 30 ವ್ಯಾಟಿನ ಎರಡು ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಬಳಸುವ ಬಗೆಯ) ಫ್ಯಾನ್ ಮತ್ತು 9 ವ್ಯಾಟಿನ ನಾಲ್ಕು ದೀಪ ಸೇರಿಸಿದರೆ 156 ವ್ಯಾಟ್, ಆರು ಗಂಟೆಗೂ ಕಡಿಮೆ. ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದ ಊರುಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಹಾಗಾಗಿ ಯುಪಿಎಸ್ ಲೈನಿನಲ್ಲೇ ಎರಡು ಭಾಗ ಮಾಡಿ, ಬ್ಯಾಟರಿ ಇಳಿದಾಗ ದೀಪ-ಫ್ಯಾನಿನ ಎಂಸಿಬಿಯನ್ನು (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚನ್ನು) ಮಾತ್ರ ಕೆಳಗಿಳಿಸಿ ರೂಟರ್, ಹಬ್ ಮತ್ತು ಕ್ಯಾಮೆರಾಗಳನ್ನು ಉಳಿಸಿಕೊಳ್ಳುವಂತೆ ಡಿಬಿಯಲ್ಲಿ ಏರ್ಪಾಡು ಮಾಡಿಸಿ.

ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು, ಮನೆಯ ಲೈಟೆಲ್ಲಾ ತಾನಾಗಿಯೇ ಹೊತ್ತಿಕೊಂಡಿತು. ಇದು ಹಾಳಾಗಿದೆಯಾ?

ಹಾಳಾಗಿಲ್ಲ. ವಿದ್ಯುತ್ ಮರಳಿದಾಗ ಆನ್ ಆಗಬೇಕೇ, ಆಫ್ ಆಗಿರಬೇಕೇ, ಹಿಂದಿನ ಸ್ಥಿತಿಗೆ ಹೋಗಬೇಕೇ ಎಂಬ ಆಯ್ಕೆ ಹೆಚ್ಚಿನ ಮಾಡ್ಯೂಲುಗಳಲ್ಲಿ ಇರುತ್ತದೆ. ದೀಪಗಳಿಗೆ ‘ಹಿಂದಿನ ಸ್ಥಿತಿ’ ಎಂದಿಡಿ. ಗೀಸರ್ ಮತ್ತು ಮೋಟಾರಿಗೆ ಯಾವ ಕಾರಣಕ್ಕೂ ‘ಆಫ್’ ಬಿಟ್ಟು ಬೇರೆಯದನ್ನು ಇಡಬೇಡಿ.

ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಆದರೂ ಕರೆಂಟ್ ಹೋದರೆ ಮಧ್ಯಾಹ್ನವೂ ಮನೆ ಕತ್ತಲು. ಮೋಸ ಹೋದೆವಾ?

ಇಲ್ಲ. ಗ್ರಿಡ್‌ಗೆ ಜೋಡಿಸುವ ಸಾಮಾನ್ಯ ಸೋಲಾರ್ ಇನ್ವರ್ಟರ್, ಲೈನಿನಲ್ಲಿ ವಿದ್ಯುತ್ ಇಲ್ಲದಾಗ ತಾನೂ ನಿಲ್ಲಲೇಬೇಕು. ಇಲ್ಲವಾದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಹಾಕಿಸಿಕೊಂಡ ಹಲವರು ಈ ಮಾತು ಕೇಳಿ ಬೇಸರಪಟ್ಟದ್ದುಂಟು. ಕಡಿತದ ಹೊತ್ತಿನಲ್ಲೂ ಬಿಸಿಲನ್ನು ಬಳಸಬೇಕಿದ್ದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಮತ್ತು ಅದರ ಬ್ಯಾಕಪ್ ತುದಿಗೆ ಮನೆಯ ಅಗತ್ಯ ಲೈನುಗಳನ್ನು ಮಾತ್ರ ಬೇರ್ಪಡಿಸಿ ಕೊಡಬೇಕು. ಆ ಬೇರ್ಪಡಿಕೆ ಡಿಬಿಯಲ್ಲಿ ಮೊದಲೇ ಆಗಿದ್ದರೆ ಕೆಲಸ ಅರ್ಧ ದಿನದ್ದು.

## ರಕ್ಷಣೆ

ಇಎಲ್‌ಸಿಬಿ ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ತೆಗೆದುಹಾಕಿದರೆ ಏನಾದರೂ ತೊಂದರೆಯಾ?

ತೆಗೆಯಬೇಡಿ. ನಾವು ರೂಢಿಯಲ್ಲಿ ಇಎಲ್‌ಸಿಬಿ ಎನ್ನುವುದು ಇಂದಿನ ಆರ್‌ಸಿಸಿಬಿಯನ್ನೇ. ಅದು ಮಾಡುವ ಕೆಲಸ ಒಂದೇ: ತನ್ನ ಮೂಲಕ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿ ಬಂತೇ ಎಂದು ಅಳೆಯುವುದು. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಅದು ಯಾರದೋ ಮೈಮೂಲಕ ನೆಲಕ್ಕೆ ಹೋಗುತ್ತಿರಬಹುದೆಂದು ಕಡಿದುಹಾಕುತ್ತದೆ.

ಆಟೊಮೇಷನ್ ಮನೆಗಳಲ್ಲಿ ಇದು ಸುಮ್ಮಸುಮ್ಮನೆ ಬೀಳಲು ಎರಡು ಕಾರಣಗಳು ಹೆಚ್ಚು. ಮೊದಲನೆಯದು ನ್ಯೂಟ್ರಲ್ ಬೆರಕೆ. ಮೈಸೂರಿನಲ್ಲಿ ನಾನು ನೋಡಿದ ಮನೆಯೊಂದರಲ್ಲಿ ಮಲಗುವ ಕೋಣೆಯ ಒಂದೇ ಒಂದು ದೀಪ ಹಾಕಿದಾಗ ಮಾತ್ರ ಇಡೀ ಮನೆಯ ಆರ್‌ಸಿಸಿಬಿ ಬೀಳುತ್ತಿತ್ತು. ದೀಪ ಬದಲಿಸಿದ್ದರು, ಮಾಡ್ಯೂಲ್ ಬದಲಿಸಿದ್ದರು, ಆರ್‌ಸಿಸಿಬಿಯನ್ನೂ ಬದಲಿಸಿದ್ದರು. ಬೋರ್ಡ್ ಬಿಚ್ಚಿ ನೋಡಿದರೆ ಆ ದೀಪದ ಫೇಸ್ ಯುಪಿಎಸ್ ಲೈನಿನದು, ನ್ಯೂಟ್ರಲ್ ಮಾತ್ರ ಪಕ್ಕದ ಪ್ಲಗ್ಗಿನಿಂದ ಎಳೆದದ್ದು. ಹೋದ ಕರೆಂಟು ಒಂದು ದಾರಿಯಲ್ಲಿ, ಬಂದದ್ದು ಇನ್ನೊಂದು ದಾರಿಯಲ್ಲಿ. ಆರ್‌ಸಿಸಿಬಿಯ ಲೆಕ್ಕದಲ್ಲಿ ಅದು ಸೋರಿಕೆಯೇ. ಕೈಯಳತೆಯ ಕಪ್ಪು ತಂತಿಯೊಂದನ್ನು ಬದಲಿಸಿದ ಮೇಲೆ ಎಲ್ಲ ಸರಿಹೋಯಿತು. ಆದ್ದರಿಂದ ಯುಪಿಎಸ್ ಲೈನಿಗೆ ಡಿಬಿಯಲ್ಲೇ ಪ್ರತ್ಯೇಕ ನ್ಯೂಟ್ರಲ್ ಪಟ್ಟಿ ಇಡಿಸಿ, ಪ್ರತಿ ಬೋರ್ಡಿಗೂ ಅದರದೇ ನ್ಯೂಟ್ರಲ್ ತರಿಸಿ, ತುದಿಗೆ ಬಣ್ಣದ ಟೇಪ್ ಸುತ್ತಿಸಿ.

ಎರಡನೆಯದು ಸಣ್ಣ ಸೋರಿಕೆಗಳ ಕೂಡಿಕೆ. ಎಲ್‌ಇಡಿ ಡ್ರೈವರ್, ಕಂಪ್ಯೂಟರ್, ಅಡಾಪ್ಟರುಗಳ ಒಳಗಿನ ಫಿಲ್ಟರ್‌ಗಳು ಸಹಜವಾಗಿಯೇ ಅರ್ತಿಗೆ ತುಸು ಕರೆಂಟ್ ಬಿಡುತ್ತವೆ. ಒಂದೊಂದೂ ಅತ್ಯಲ್ಪ, ನಲವತ್ತು ಸೇರಿದರೆ ಗಣನೀಯ. 30 ಮಿಲಿ ಆಂಪಿಯರ್ ಎಂದು ಬರೆದಿರುವ ಆರ್‌ಸಿಸಿಬಿ 15ಕ್ಕಿಂತ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು ಎಂಬುದನ್ನು ನೆನಪಿಡಿ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡುವ ಬದಲು ಮೂರು ನಾಲ್ಕು ಗುಂಪು ಮಾಡಿ, ಅಥವಾ ಮುಖ್ಯ ಲೈನುಗಳಿಗೆ ಒಂದೊಂದು ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಕೊಡಿ. ಎಲೆಕ್ಟ್ರಾನಿಕ್ ಸಾಮಾನು ಹೆಚ್ಚಿರುವ ಲೈನಿಗೆ ‘ಟೈಪ್ ಎ’ ಕೇಳಿ ತೆಗೆದುಕೊಳ್ಳಿ. ಮಾಮೂಲಾಗಿ ಸಿಗುವ ‘ಟೈಪ್ ಎಸಿ’ ಅಂಥ ಸಾಮಾನಿನ ಸೋರಿಕೆಯನ್ನು ಸರಿಯಾಗಿ ಗುರುತಿಸದೇ ಹೋಗಬಹುದು.

ಹೋದ ವರ್ಷ ಏಪ್ರಿಲ್ ಮಳೆಗೆ ಸಿಡಿಲು ಹೊಡೆದು ಮೂರು ಮಾಡ್ಯೂಲ್ ಹೋಯಿತು. ಸ್ಟೆಬಿಲೈಸರ್ ಹಾಕಿದರೆ ಸಾಕಾ?

ಸ್ಟೆಬಿಲೈಸರಿಗೂ ಸಿಡಿಲಿಗೂ ಸಂಬಂಧವಿಲ್ಲ. ಇಲ್ಲಿ ಎರಡು ಬೇರೆ ಬೇರೆ ಶತ್ರುಗಳಿವೆ, ಅವುಗಳಿಗೆ ಮದ್ದೂ ಬೇರೆ.

ಸಿಡಿಲಿನಿಂದ ಲೈನಿನಲ್ಲಿ ಬರುವುದು ಮೈಕ್ರೋಸೆಕೆಂಡುಗಳ ಹೊಡೆತ. ಅದಕ್ಕೆ ಡಿಬಿಯಲ್ಲಿ ‘ಟೈಪ್ 2’ ಎಸ್‌ಪಿಡಿ (ಅಂಥ ಹೊಡೆತವನ್ನು ಅರ್ತಿಗೆ ಇಳಿಸುವ ಸರ್ಜ್ ಪ್ರೊಟೆಕ್ಟರ್) ಬೇಕು. ಎಸ್‌ಪಿಡಿಯಿಂದ ಅರ್ತ್ ಪಟ್ಟಿಗೆ ಹೋಗುವ ತಂತಿ ಅರ್ಧ ಮೀಟರಿಗಿಂತ ಉದ್ದ ಇರಬಾರದು, ಸುರುಳಿ ಸುತ್ತಿರಬಾರದು. ಅರ್ತಿಂಗ್ ಚೆನ್ನಾಗಿಲ್ಲದಿದ್ದರೆ ಎಸ್‌ಪಿಡಿ ಬರೀ ಅಲಂಕಾರ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಒಂದು ಗುಂಡಿಯ ಅರ್ತ್ ಸಾಲದೆ ಎರಡು ಮೂರನ್ನು ಜೋಡಿಸಬೇಕಾಗಿ ಬರುತ್ತದೆ. ಅಳೆದಾಗ 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ಬೇಸಿಗೆಯ ಕೊನೆಗೆ ಅಳೆಯಿಸಿ, ಮಳೆಗಾಲದಲ್ಲಿ ಎಲ್ಲ ಅರ್ತೂ ಚೆನ್ನಾಗಿಯೇ ತೋರುತ್ತದೆ. ಗೇಟಿನ ಕ್ಯಾಮೆರಾದಿಂದ ಬರುವ ತಾಮ್ರದ ಕೇಬಲ್ಲೂ ಹೊಡೆತವನ್ನು ಒಳಗೆ ತರುತ್ತದೆ ಎಂಬುದನ್ನು ಜನ ಮರೆಯುತ್ತಾರೆ; ಅದಕ್ಕೂ ಒಂದು ಸರ್ಜ್ ಪ್ರೊಟೆಕ್ಟರ್ ಇರಲಿ. ಇಷ್ಟೆಲ್ಲ ಇದ್ದರೂ ಸಿಡಿಲು ನೇರವಾಗಿ ಮನೆಗೇ ಬಡಿದರೆ ಖಾತ್ರಿ ಕೊಡಲು ಯಾರಿಂದಲೂ ಆಗದು.

ಇನ್ನೊಂದು ಶತ್ರು ನ್ಯೂಟ್ರಲ್ ಕಟ್. ಬೀದಿಯ ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಕೆಲವು ಮನೆಗಳಿಗೆ 230ರ ಬದಲು 300 ವೋಲ್ಟಿಗೂ ಮೇಲೆ ನುಗ್ಗಬಹುದು, ಅದೂ ನಿಮಿಷಗಟ್ಟಲೆ. ಎಸ್‌ಪಿಡಿ ಇದನ್ನು ತಡೆಯದು, ಎಂಸಿಬಿಯೂ ತಡೆಯದು. ಡಿಬಿಯಲ್ಲಿ ಹೆಚ್ಚು-ಕಡಿಮೆ ವೋಲ್ಟೇಜ್ ಕಂಡೊಡನೆ ಲೈನ್ ಕಡಿದು, ಎಲ್ಲ ಸರಿಯಾದ ಎರಡು ಮೂರು ನಿಮಿಷದ ನಂತರ ಜೋಡಿಸುವ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಸಿಗುತ್ತದೆ. ಸೀಮಿತ ಹಣದಲ್ಲಿ ಒಂದನ್ನೇ ಕೊಳ್ಳುವುದಾದರೆ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ನಾನು ಮೊದಲು ಇದನ್ನೇ ಹಾಕಿಸುತ್ತೇನೆ.

## ಮೋಟಾರ್, ಫ್ಯಾನ್, ಕ್ಯಾಮೆರಾ

ಸಂಪಿನ 1 ಎಚ್‌ಪಿ ಮೋಟಾರನ್ನು 16 ಆಂಪಿಯರ್ ಸ್ಮಾರ್ಟ್ ಪ್ಲಗ್ಗಿಗೆ ಹಾಕಿದರೆ ನಡೆಯುತ್ತಲ್ಲ?

ಕೆಲವು ತಿಂಗಳು ನಡೆಯುತ್ತದೆ. 1 ಎಚ್‌ಪಿ ಎಂದರೆ 746 ವ್ಯಾಟ್, ಓಡುವಾಗ ಆರೇಳು ಆಂಪಿಯರ್ ಎಳೆಯಬಹುದು. ಆದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಪ್ಲಗ್ಗಿನ ಮೇಲಿನ 16 ಎಂಬ ಅಂಕಿ ಗೀಸರಿನಂಥ ಲೋಡಿಗೆ ಬರೆದದ್ದು. ಪ್ರತಿ ಸಲ ಒಳಗಿನ ರಿಲೇ ಕಿಡಿ ಹಾರಿ ಒಂದು ದಿನ ಅಂಟಿಕೊಂಡುಬಿಡುತ್ತದೆ. ಆಮೇಲೆ ಆ್ಯಪ್‌ನಲ್ಲಿ ಆಫ್ ಎಂದು ಕಾಣುತ್ತದೆ, ತಾರಸಿಯಿಂದ ನೀರು ಸುರಿಯುತ್ತಿರುತ್ತದೆ.

ಮಾಡ್ಯೂಲ್ ಒಂದು ಕಾಂಟ್ಯಾಕ್ಟರಿನ (ದೊಡ್ಡ ಕರೆಂಟ್ ಹೊರಬಲ್ಲ ರಿಲೇಯ) ಕಾಯಿಲನ್ನು ಮಾತ್ರ ನಡೆಸಬೇಕು, ಮೋಟಾರಿನ ಕರೆಂಟನ್ನು ಕಾಂಟ್ಯಾಕ್ಟರ್ ಹೊರಬೇಕು. ಸಂಪಿನಲ್ಲಿ ಒಂದು, ಮೇಲಿನ ಟ್ಯಾಂಕಿನಲ್ಲಿ ಒಂದು ಫ್ಲೋಟ್ (ನೀರಿನ ಮಟ್ಟ ತಿಳಿಸುವ ಸ್ವಿಚ್) ಇರಲಿ, ಅವುಗಳಿಗೆ ಕಡಿಮೆ ವೋಲ್ಟಿನ ತಂತಿ ಇರಲಿ. ಅವು ಕೆಟ್ಟರೂ ಇಂತಿಷ್ಟು ನಿಮಿಷದ ಮೇಲೆ ಮೋಟಾರ್ ನಿಲ್ಲುವಂತೆ ಸಮಯದ ಮಿತಿ ಇರಲಿ. ಪಕ್ಕದಲ್ಲೇ ಕೈಯಿಂದ ಹಾಕುವ ಸ್ವಿಚ್ಚೂ ಇರಲೇಬೇಕು. ಬಣ್ಣ ಬದಲಿಸುವ ದೀಪಗಳಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಇತ್ತ ಹಾಕಿದರೆ ಮನೆಯವರೆಲ್ಲ ನಿಮ್ಮ ಆಟೊಮೇಷನ್ನನ್ನು ಹೊಗಳುತ್ತಾರೆ.

ಬಿಎಲ್‌ಡಿಸಿ ಫ್ಯಾನಿಗೆ ಸ್ಮಾರ್ಟ್ ರೆಗ್ಯುಲೇಟರ್ ಹಾಕಿದೆ, ಗುಂಯ್ ಅನ್ನುತ್ತಿದೆ.

ತೆಗೆದುಬಿಡಿ. ಅದರ ವೇಗವನ್ನು ಅದರದೇ ಒಳಗಿನ ಎಲೆಕ್ಟ್ರಾನಿಕ್ಸ್ ನಿಯಂತ್ರಿಸುತ್ತದೆ; ಅದಕ್ಕೆ ಯಾವಾಗಲೂ ಪೂರ್ತಿ 230 ವೋಲ್ಟ್ ಕೊಡಬೇಕು. ವೇಗ ಬದಲಿಸಲು ಅದರ ರಿಮೋಟನ್ನು ಅನುಕರಿಸುವ ಸಾಧನ ಬಳಸಿ.

ಕ್ಯಾಮೆರಾಗೆ ಪ್ರತ್ಯೇಕ ಅಡಾಪ್ಟರ್ ಒಳ್ಳೆಯದಾ, ಪಿಒಇ ಒಳ್ಳೆಯದಾ?

ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಪದ್ಧತಿ. ಒಂದೇ ಕ್ಯಾಟ್-6 ಕೇಬಲ್ಲಿನಲ್ಲಿ ಚಿತ್ರವೂ ವಿದ್ಯುತ್ತೂ ಹೋಗುವುದರಿಂದ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ (ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ) ಬ್ಯಾಕಪ್ ಕೊಟ್ಟರೆ ಎಲ್ಲ ಕ್ಯಾಮೆರಾಗಳಿಗೂ ಕೊಟ್ಟಂತೆ. ಸಾಮಾನ್ಯ ದರ್ಜೆಯ ಪಿಒಇ ಒಂದು ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ, ಮೇಲಿನ ದರ್ಜೆ 30. ಮನೆಯ ಕ್ಯಾಮೆರಾಗೆ ಮೊದಲನೆಯದೇ ಸಾಕು. ಒಟ್ಟು ಉದ್ದ 100 ಮೀಟರ್ ದಾಟಬಾರದು. ಕೇಬಲ್ ಶುದ್ಧ ತಾಮ್ರದ್ದೇ ಆಗಿರಲಿ: ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಪಿಒಇಯಲ್ಲಿ ಬಿಸಿಯಾಗುತ್ತದೆ, ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿದರೆ ಒಳಗಿನ ಬಿಳಿ ಬಣ್ಣ ಕಾಣುತ್ತದೆ. ಈ ಕೇಬಲ್ಲನ್ನು 230 ವೋಲ್ಟಿನ ತಂತಿಯ ಪೈಪಿನಲ್ಲಿ ಎಂದೂ ತೂರಿಸಬೇಡಿ. ಬೇರೆ ಪೈಪ್ ಇರಲಿ, ದಾಟಬೇಕಾದಲ್ಲಿ ಅಡ್ಡಲಾಗಿ ದಾಟಲಿ.

## ಇನ್ನೂ ಮುಂದಿನವು

ಜಿಗ್‌ಬೀ ಸೆನ್ಸರ್‌ಗಳಲ್ಲಿ ಬ್ಯಾಟರಿ ಇದೆ, ಹಬ್ ಯುಪಿಎಸ್ ಮೇಲಿದೆ. ಆದರೂ ಕರೆಂಟ್ ಹೋದಾಗ ಅರ್ಧ ಸೆನ್ಸರ್ ಮಾಯ. ಹೇಗೆ?

ಜಿಗ್‌ಬೀ ಎಂಬ ಈ ವೈರ್‌ಲೆಸ್ ಜಾಲದಲ್ಲಿ ಸಂದೇಶ ಸಾಧನದಿಂದ ಸಾಧನಕ್ಕೆ ದಾಟುತ್ತ ಹೋಗುತ್ತದೆ, ಮತ್ತು ಹಾಗೆ ದಾಟಿಸುವವು ಸದಾ ವಿದ್ಯುತ್ ಇರುವ ಸ್ವಿಚ್, ಪ್ಲಗ್‌ಗಳಂಥವು ಮಾತ್ರ. ಬ್ಯಾಟರಿಯ ಸೆನ್ಸರ್ ತನ್ನ ಮಾತನ್ನಷ್ಟೇ ಹೇಳುತ್ತದೆ, ಬೇರೆಯವರದನ್ನು ದಾಟಿಸುವುದಿಲ್ಲ. ನಿಮ್ಮ ಮಹಡಿಯ ಸೆನ್ಸರುಗಳು ಯಾವ ಸ್ವಿಚ್ಚನ್ನು ಆಶ್ರಯಿಸಿದ್ದವೋ ಅದು ಯುಪಿಎಸ್ ಲೈನಿನಲ್ಲಿ ಇರಲಿಲ್ಲ. ಪ್ರತಿ ಮಹಡಿಯಲ್ಲೂ ಒಂದೆರಡು ಜಿಗ್‌ಬೀ ಸ್ವಿಚ್ಚುಗಳನ್ನಾದರೂ ಬ್ಯಾಕಪ್ ಲೈನಿಗೆ ತನ್ನಿ.

ತಂತಿಯ ಮೇಲೆ ನಡೆಯುವ ಕೆಎನ್‌ಎಕ್ಸ್ ಹಾಕಿಸುವುದು ಅಷ್ಟು ಹಣಕ್ಕೆ ತಕ್ಕದ್ದಾ?

ಮೂವತ್ತು ನಲವತ್ತು ಲಕ್ಷದ ಮನೆಗೆ ನಾನು ಹೇಳುವುದಿಲ್ಲ. ದೊಡ್ಡ ಮನೆ, ದಪ್ಪ ಗೋಡೆ, ಹದಿನೈದು ವರ್ಷ ಮುಟ್ಟದೆ ನಡೆಯಬೇಕೆಂಬ ಆಸೆ ಇದ್ದರೆ ಹೇಳುತ್ತೇನೆ. ಅದರಲ್ಲಿ ಸುಮಾರು 30 ವೋಲ್ಟ್ ಡಿಸಿಯ ಪ್ರತ್ಯೇಕ ತಂತಿಜೋಡಿ ಪ್ರತಿ ಸ್ವಿಚ್ಚಿಗೂ ಹೋಗುತ್ತದೆ, ದೀಪದ ತಂತಿಗಳೆಲ್ಲ ನೇರವಾಗಿ ಡಿಬಿಗೆ ಬರುತ್ತವೆ. ಆದ್ದರಿಂದ ಡಿಬಿಯ ಗಾತ್ರ, ಪೈಪುಗಳ ಸಂಖ್ಯೆ ಎರಡೂ ಬದಲಾಗುತ್ತವೆ. ಗೋಡೆ ಎದ್ದ ಮೇಲೆ ಮನಸ್ಸು ಮಾಡಿದರೆ ತಡ. ಆ 30 ವೋಲ್ಟಿನ ಸಪ್ಲೈಯನ್ನು ಯುಪಿಎಸ್ ಮೇಲೆ ಇಡುವುದನ್ನು ಮರೆಯಬೇಡಿ.

ಇಷ್ಟೊಂದು ಮಾಡ್ಯೂಲ್ ಸದಾ ಆನ್ ಇದ್ದರೆ ನಮ್ಮ ಗೃಹಜ್ಯೋತಿ ಕೈತಪ್ಪುತ್ತದಾ?

ತಪ್ಪುವ ಸಾಧ್ಯತೆ ಅಂಚಿನಲ್ಲಿರುವವರಿಗೆ ಮಾತ್ರ. ಇಪ್ಪತ್ತು ಮಾಡ್ಯೂಲ್, ಒಂದಕ್ಕೆ ಮುಕ್ಕಾಲು ವ್ಯಾಟ್ ಎಂದರೆ 15 ವ್ಯಾಟ್. ತಿಂಗಳಿಗೆ ಸುಮಾರು 11 ಯೂನಿಟ್. ನಾಲ್ಕು ಕ್ಯಾಮೆರಾ ಸೇರಿದ ಆ 60 ವ್ಯಾಟಿನ ಗುಂಪು ಮಾತ್ರ ತಿಂಗಳಿಗೆ 43 ಯೂನಿಟ್ ತಿನ್ನುತ್ತದೆ. ನಿಮ್ಮ ಬಳಕೆ ಈಗಲೇ 150ರ ಆಸುಪಾಸಿನಲ್ಲಿದ್ದರೆ 200 ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗಿ ಬರಬಹುದು. ಹಳೆಯ 75 ವ್ಯಾಟಿನ ಫ್ಯಾನುಗಳನ್ನು ಬದಲಿಸಿದರೆ ಅದರಲ್ಲಿ ಬಹುಪಾಲು ವಾಪಸ್ ಬರುತ್ತದೆ.

ಎಲ್ಲಾ ಮುಗಿಯಿತು, ಕೊನೆಯ ಕಂತು ಕೊಡಿ ಅಂತಿದ್ದಾರೆ. ಕೊಡುವ ಮುಂಚೆ ಏನು ನೋಡಲಿ?

ಮೊದಲು ರೂಟರಿನ ವೈರ್ ಕಿತ್ತು ಮನೆಯೆಲ್ಲ ಸುತ್ತಿ. ಪ್ರತಿ ದೀಪ, ಫ್ಯಾನ್ ಗೋಡೆಯ ಸ್ವಿಚ್ಚಿನಿಂದ ಎಂದಿನಂತೆ ನಡೆಯಬೇಕು. ಆಮೇಲೆ ಮುಖ್ಯ ಸ್ವಿಚ್ ಇಳಿಸಿ, ಹತ್ತು ನಿಮಿಷ ಬಿಟ್ಟು ಏರಿಸಿ, ಮೋಟಾರ್ ಮತ್ತು ಗೀಸರ್ ಆಫ್ ಆಗಿಯೇ ಇವೆಯೇ ನೋಡಿ. ಪ್ರತಿ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ, ತಕ್ಷಣ ಬೀಳಬೇಕು. ತಂತಿಯ ಹೊದಿಕೆಯ (ಇನ್ಸುಲೇಷನ್) ನಿರೋಧಕದ ಪರೀಕ್ಷೆಯ ಅಂಕಿಗಳನ್ನೂ ಅರ್ತ್ ಅಳತೆಯನ್ನೂ ಬರಹದಲ್ಲಿ ಕೇಳಿ. ನಿರೋಧಕದ್ದು 500 ವೋಲ್ಟ್ ಮೆಗ್ಗರ್‌ನಲ್ಲಿ ಅಳೆದಾಗ 1 ಮೆಗಾ ಓಮ್‌ಗಿಂತ ಕಡಿಮೆ ಇರಬಾರದು, ಮತ್ತು ಮಾಡ್ಯೂಲುಗಳನ್ನು ಬಿಚ್ಚಿಟ್ಟೇ ಅಳೆದಿರಬೇಕು, ಇಲ್ಲವಾದರೆ ಅವು ಸುಟ್ಟುಹೋಗುತ್ತವೆ. ಹಬ್ಬಿನ ಪಾಸ್‌ವರ್ಡ್ ನಿಮ್ಮ ಹೆಸರಿನ ಖಾತೆಯಲ್ಲಿದೆಯೇ, ಗುತ್ತಿಗೆದಾರರ ಮೊಬೈಲಿನಲ್ಲಿದೆಯೇ ಎಂದು ಕೇಳಿ. ಕೊನೆಗೆ ಡಿಬಿಯ ಬಾಗಿಲು ತೆರೆಯಿರಿ: ಪ್ರತಿ ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದು ಎಂದು ಕನ್ನಡದಲ್ಲಿ, ಮನೆಯ ಹಿರಿಯರೂ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದಿಲ್ಲವೆಂದರೆ ಅದನ್ನು ಬರೆಸಿಕೊಂಡೇ ದುಡ್ಡು ಎಣಿಸಿ.